ಸಾವ್ಕಾರ್ರು ಕೊಂಡುಕೊಂಡ ಹಾಡು

ನಮ್ಮ ಬ್ಯಾಂಡಿನ ಮೊಟ್ಟಮೊದಲ ರೆಕಾರ್ಡು ಒಂದೇ ಬೆಳಿಗ್ಗೆ ಪೂರ್ತಿ ಖಾಲಿಯಾಯಿತು. ಅಂಗಡಿಯಲ್ಲಿ ಒಂದೂ ಉಳಿಯಲಿಲ್ಲ.

ಕೊಂಡವರು ಎಷ್ಟು ಜನ ಅಂತೀರಿ? ಒಬ್ಬರೇ.

ಅವರ ಮನೆಯಲ್ಲಿ ರೆಕಾರ್ಡ್ ಪ್ಲೇಯರೇ ಇಲ್ಲ.

ತಾಳಿ, ಮೊದಲಿನಿಂದ ಹೇಳುತ್ತೇನೆ. (ಹೋದ ವಾರ ಸೀಮೆಎಣ್ಣೆ ಕ್ಯೂ ಬಗ್ಗೆ ಬರೆದದ್ದಕ್ಕೆ, "ಯಾವಾಗಲೂ ಗೋಳು ಬರೀತೀರಿ ಮೇಡಂ, ಒಮ್ಮೆಯಾದರೂ ಸಂತೋಷದ್ದು ಬರೀರಿ" ಎಂದು ಹಿರಿಯೂರಿನ ಓದುಗರೊಬ್ಬರು ಕಾರ್ಡು ಹಾಕಿದ್ದಾರೆ. ತಗೊಳ್ಳಿ ಸ್ವಾಮಿ. ಇದು ಸಂತೋಷದ್ದೋ ಗೋಳಿನದೋ ನೀವೇ ತೀರ್ಮಾನ ಮಾಡಿ.)

ನಮ್ಮ ಯಜಮಾನರು ಚಂದ್ರಣ್ಣನವರಿಗೆ ಚಿತ್ರದುರ್ಗದಲ್ಲಿ ರೇಡಿಯೋ ರಿಪೇರಿ ಅಂಗಡಿ ಇದೆ ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಅವರ ಹತ್ತಿರ ಒಂದು ಗಿಟಾರ್ ಕೂಡ ಇದೆ ಎಂಬುದನ್ನು ಮಾತ್ರ ಇಷ್ಟು ದಿನ ಮುಚ್ಚಿಟ್ಟಿದ್ದೆ. ಎಲ್ಲರ ಮನೆಯಲ್ಲೂ ಹೊರಗೆ ಹೇಳಿಕೊಳ್ಳಲಾಗದ್ದು ಒಂದಿರುತ್ತದೆ. ನಮ್ಮನೆಯಲ್ಲಿ ಅದಕ್ಕೆ ಆರು ತಂತಿ.

ಬ್ಯಾಂಡಿನ ಹೆಸರು 'ದಿ ರಾಕ್ ಬಾಯ್ಸ್'. ಊರ ತುಂಬ ಬಂಡೆಗಳೇ ಇರುವಾಗ ಬೇರೆ ಹೆಸರು ಯಾಕೆ ಹುಡುಕಬೇಕು ಎಂಬುದು ಯಜಮಾನರ ವಾದ. ಬಾಯ್ಸ್ ಒಟ್ಟು ಮೂವರು. ಗಿಟಾರಿಗೆ ಯಜಮಾನರು. ಡ್ರಮ್ಮಿಗೆ ತಿಪ್ಪೇಸ್ವಾಮಿ. ಹಾಡುವುದಕ್ಕೆ ಯಜಮಾನರ ತಂಗಿ ಗಂಗಾ. (ಬಾಯ್ಸ್ ಎಂದಮೇಲೆ ಇವಳು ಹೇಗೆ ಬಂದಳು ಎಂದು ಕೇಳಬೇಡಿ. ಬೋರ್ಡು ಮೊದಲೇ ಬರೆಸಿಯಾಗಿತ್ತು.)

ತಿಪ್ಪೇಸ್ವಾಮಿ ನಮ್ಮ ಅಂಗಡಿಯಲ್ಲೇ ಕೆಲಸ ಮಾಡುತ್ತಾನೆ. ಐಮಂಗಲದ ಕಡೆಯವನು. ಮನೆಯಲ್ಲಿ ಕುರಿ ಇವೆ, ಹೊಲ ಇದೆ, ಡೊಳ್ಳು ಇದೆ. ಬೊಂಬಾಯಿಯ ಬ್ಯಾಂಡಿನವರು ಕಾಲಿನಲ್ಲಿ ಬಡಿಯುವ ದೊಡ್ಡ ಡ್ರಮ್ಮು ಸಿನಿಮಾದಲ್ಲಿ ನೋಡಿದ್ದ. ಅದಕ್ಕೆ ದುಡ್ಡೆಲ್ಲಿಂದ ತರುವುದು? ಮನೆಯ ಹಳೇ ಡೊಳ್ಳನ್ನು ಅಡ್ಡ ಮಲಗಿಸಿ, ಹೊಲಿಗೆ ಮಿಷಿನ್ನಿನ ಪೆಡಲ್ ಜೋಡಿಸಿದ. ಸದ್ದು ಬೊಂಬಾಯಿಯದಕ್ಕಿಂತ ಜೋರಾಗಿಯೇ ಬಂತು. ಪಕ್ಕದ ಮನೆಯ ಗೋಡೆಯ ಗಡಿಯಾರ ನಿಂತುಹೋಯಿತು.

ಇನ್ನು ಗಂಗಾ. ಟೈಪ್‌ರೈಟಿಂಗ್ ಇನ್ಸ್‌ಟಿಟ್ಯೂಟಿನಲ್ಲಿ ಕಲಿಸುತ್ತಾಳೆ. ಮಾತು ಕಡಿಮೆ, ಕಂಠ ಮಾತ್ರ ಭಗವಂತ ಪುರಸೊತ್ತಿನಲ್ಲಿ ಮಾಡಿದ್ದು. ಗಣಪತಿ ಪೆಂಡಾಲು, ಸ್ಕೂಲ್ ಡೇ, ಲಗ್ನ ಎಲ್ಲ ಕಡೆಯೂ ಹಾಡಿದ್ದಾಳೆ. ಹಾಡಿದ್ದೆಲ್ಲ ಸಿನಿಮಾ ಹಾಡು. ಸ್ಟೇಜಿನ ಮೇಲೆ ಅವಳನ್ನು ಕರೆಯುವಾಗ ದೊಡ್ಡ ಗಾಯಕಿಯೊಬ್ಬರ ಹೆಸರಿನ ಹಿಂದೆ 'ದುರ್ಗದ' ಎಂದು ಸೇರಿಸಿ ಕರೆಯುತ್ತಾರೆ. ಹಾಡು ಮುಗಿದ ಮೇಲೆ ಜನ ಹತ್ತಿರ ಬಂದು, "ಕಣ್ಮುಚ್ಕಂಡ್ರೆ ಥೇಟ್ ಅವ್ರೇ ಕಣಮ್ಮ!" ಎಂದು ಹೊಗಳುತ್ತಾರೆ. ಗಂಗಾ ಕೈ ಮುಗಿಯುತ್ತಾಳೆ. ಮನೆಗೆ ಬಂದು ಊಟ ಬಿಡುತ್ತಾಳೆ.

"ಹೊಗಳಿದ್ರೆ ಯಾಕೆ ಉಪವಾಸ?" ಎಂದು ಒಮ್ಮೆ ಕೇಳಿದೆ.

"ಅವ್ರು ಕಣ್ಮುಚ್ಕಂಡು ಕೇಳ್ತಾರಲ್ಲ ಅತ್ತಿಗೆ, ಆಗ ನಾನು ಎಲ್ಲಿರ್ತೀನಿ?" ಎಂದಳು.

ನಾನು ಒಂದು ಲೋಟ ಮಜ್ಜಿಗೆ ಕೊಟ್ಟೆ.

ಹೀಗಿರುವಾಗ, ಹಾಡಿದ ಟೇಪನ್ನೂ ದುಡ್ಡನ್ನೂ ಕಳಿಸಿದರೆ ಯಾರದ್ದಾದರೂ ರೆಕಾರ್ಡು ಅಚ್ಚು ಹಾಕಿಕೊಡುವ ಕಂಪನಿ ಇದೆ ಎಂದು ಯಜಮಾನರು ಎಲ್ಲಿಂದಲೋ ಪತ್ತೆ ಹಚ್ಚಿದರು. ಊಟಕ್ಕೆ ಕುಂತವರು ಘೋಷಣೆ ಮಾಡಿದರು.

"ನಮ್ದೇ ಹಾಡು, ನಮ್ದೇ ಟ್ಯೂನು. ಆಲ್ಬಂ ಮಾಡಾಣ!"

ನಮ್ಮತ್ತೆ ಮುದ್ದೆ ಮುರಿಯುತ್ತಾ, "ಮದ್ವೆ ಆಲ್ಬಂ ಟ್ರಂಕ್‌ನಾಗೈತಲ್ಲೋ. ಮತ್ಯಾಕೆ?" ಎಂದರು.

ಆಲ್ಬಂ ಎಂದರೆ ಹಾಡಿನ ಗೊಂಚಲು ಎಂದು ವಿವರಿಸಿದ್ದಾಯಿತು. "ಫೋಟೋ ಇಲ್ದೇ ಅದೆಂಥ ಆಲ್ಬಂ" ಎಂದು ಅತ್ತೆ ಕೈ ತೊಳೆದರು.

ಹಾಡು ಬರೆದವರು ಯಜಮಾನರೇ. ಏಳು ಹಾಡು. ಆರರಲ್ಲಿ ಚಂದ್ರ ಬರುತ್ತಾನೆ. (ಬರೆದವರ ಹೆಸರೂ ಚಂದ್ರಣ್ಣ. ಆತ್ಮಕಥೆ ಇರಬಹುದು.) ಏಳನೆಯದರಲ್ಲಿ ತಂಗಾಳಿ. ಚಿತ್ರದುರ್ಗದಲ್ಲಿ ತಂಗಾಳಿ! ಬೇಸಿಗೆಯಲ್ಲಿ ಬಂಡೆಯ ಮೇಲೆ ಹಪ್ಪಳ ಹಾಕಿದರೆ ಒಣಗುವ ಮುಂಚೆ ಸುಟ್ಟೇ ಹೋಗುವ ಊರು ಇದು.

ರೆಕಾರ್ಡಿಂಗು ಅಂಗಡಿಯ ಮೇಲಿನ ಖಾಲಿ ರೂಮಿನಲ್ಲಿ. ಗೋಡೆ ಬರಿದಾಗಿದ್ದರೆ ಧ್ವನಿ ಗುಂಯ್‌ಗುಡುತ್ತದೆ, ದಪ್ಪ ಬಟ್ಟೆ ಹೊದಿಸಬೇಕು ಎಂದು ಯಜಮಾನರು ಯಾವುದೋ ಪುಸ್ತಕದಲ್ಲಿ ಓದಿದ್ದರು. ತಿಪ್ಪೇಸ್ವಾಮಿ ಊರಿಗೆ ಹೋಗಿ ನೆಂಟರಿಷ್ಟರ ಮನೆಯ ಕಂಬಳಿಗಳನ್ನೆಲ್ಲ ಹೊತ್ತು ತಂದ. ನಾಲ್ಕು ಗೋಡೆಗೂ ಕಂಬಳಿ, ಕಿಟಕಿಗೆ ಕಂಬಳಿ, ಬಾಗಿಲಿಗೆ ಕಂಬಳಿ. ಫ್ಯಾನು ಸದ್ದು ಮಾಡುತ್ತದೆಂದು ಅದೂ ಬಂದ್. ಒಳಗೆ ಮೂರು ಜನ, ಒಂದು ಸ್ಪೂಲ್ ಟೇಪ್ ರೆಕಾರ್ಡರು ಮತ್ತು ಅಷ್ಟೂ ಕುರಿಗಳ ನೆನಪು. ಚಂದ್ರನ ಹಾಡು ಹಾಡುತ್ತಿದ್ದ ಗಂಗಾ ಮೂಗಿಗೆ ಸೆರಗು ಒತ್ತಿಕೊಂಡೇ ಹಾಡಿದಳು. ರೆಕಾರ್ಡಿನಲ್ಲಿ ಅದು ಭಾವುಕತೆ ಎಂದು ಕೇಳಿಸುತ್ತದೆ.

ಏಳು ಹಾಡೂ ಮುಗಿದವು. ಎರಡನೇ ಮಗ್ಗುಲಿನ ಕೊನೆಯಲ್ಲಿ ಒಂದು ಹಾಡಿನಷ್ಟು ಜಾಗ ಉಳಿಯಿತು. ಯಜಮಾನರು ಇನ್ನೊಬ್ಬ ಚಂದ್ರನನ್ನು ಕರೆಸಲು ಪೆನ್ನು ತೆಗೆದರು.

"ಬ್ಯಾಡಣ್ಣ," ಎಂದಳು ಗಂಗಾ. "ಅತ್ತಿಗೆ ದಿನಾ ಮನೆಗೆ ಬಂದು ಬಸ್ಸಿಗೆ ಬೈತಾರಲ್ಲ, ಅದನ್ನ ಹಾಡಾಣ."

ನಾನು ಹೊಳಲ್ಕೆರೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಟೀಚರು. ಸಾಯಂಕಾಲ ಊರಿಗೆ ಬರಲು ಇರುವುದು ಐದೂವರೆ ಬಸ್ಸು. ಹೊಸದುರ್ಗದ ರುದ್ರಣ್ಣ ಸಾವ್ಕಾರ್ರದ್ದು. ಅದಕ್ಕೆ ಐದೂವರೆ ಬಸ್ಸು ಎಂದು ಯಾರು ಹೆಸರಿಟ್ಟರೋ! ಆರು, ಆರೂವರೆ, ಏಳು, ಯಾವಾಗ ಬೇಕಾದರೂ ಬರುತ್ತದೆ, ಐದೂವರೆಗೆ ಮಾತ್ರ ಬರುವುದಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಶುರುವಾಗುವ ನನ್ನ ಬೈಗುಳ ಕಾಫಿ ಲೋಟ ಕೈಗೆ ಬರುವವರೆಗೂ ನಡೆಯುತ್ತದೆ. ಅದರಲ್ಲಿ ಲಯ ಇದೆ ಎಂದು ಗಂಗಾ ಕಂಡುಹಿಡಿದಿದ್ದಳು. ನಾನು ಹೇಳುತ್ತಾ ಹೋದೆ, ಅವಳು ರಾಗ ಹಚ್ಚುತ್ತಾ ಹೋದಳು.

ಬರ್ತೈತಂತೆ ಬರ್ತೈತಂತೆ ಐದೂವರೆ ಬಸ್ಸು,
ಬರೋದ್ರಾಗೆ ಏರ್ತೈತಣ್ಣ ನಮ್ಮೆಲ್ಲರ ವಯಸ್ಸು.
ಟೈರು ಹೋದ್ರೆ ಟೀ ಕುಡೀರಿ, ಬ್ರೇಕು ಹೋದ್ರೆ ಕೈ ಮುಗೀರಿ,
ಸಾವ್ಕಾರ್ರ ಬಸ್ಸು ಕಣ್ರೀ, ಸಾವ್ಕಾಶ ಬರ್ತೈತ್ರೀ!

ಇದನ್ನು ಹಾಡುವಾಗ ಗಂಗಾ ಮೂಗು ಮುಚ್ಚಿಕೊಳ್ಳಲಿಲ್ಲ. ಯಾರ ಥರವೂ ಹಾಡಲಿಲ್ಲ. ನಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುವಾಗ ಗುನುಗುತ್ತಾಳಲ್ಲ, ಆ ಧ್ವನಿಯಲ್ಲಿ ಹಾಡಿದಳು. ಸ್ವಲ್ಪ ಒರಟು, ಸ್ವಲ್ಪ ತುಂಟ, ಕೊನೆಯ ಸಾಲಿನಲ್ಲಿ ಎಲ್ಲೋ ಒಂದು ಎಳೆಯಷ್ಟು ದುಃಖ. ಬಸ್ಸಿನ ಹಾಡಿಗೆ ದುಃಖ ಎಲ್ಲಿಂದ ಬಂತೋ. ನಾನಂತೂ ಬರೆದಿರಲಿಲ್ಲ.

ಹಾಡು ಮುಗಿಯುವುದಕ್ಕೆ ಇನ್ನೊಂದು ಸಾಲು ಇರುವಾಗ ಬಾಗಿಲ ಕಂಬಳಿ ಸರಿಯಿತು. ತಿಪ್ಪೇಸ್ವಾಮಿಯ ತಾಯಿ ಬೋರಕ್ಕ. ಊರಿನಲ್ಲಿ ಚಳಿ ಶುರುವಾಗಿದೆ, ಕಂಬಳಿ ವಾಪಸ್ ಒಯ್ಯಲು ಬಂದಿದ್ದಾರೆ. ಟೇಪು ತಿರುಗುತ್ತಿರುವುದು ಅವರಿಗೇನು ಗೊತ್ತು?

"ಲೇ ತಿಪ್ಪಾ, ಉಂಡ್ಯೇನ್ಲಾ?"

ಎಲ್ಲರೂ ಕಲ್ಲಾದೆವು. ತಿಪ್ಪೇಸ್ವಾಮಿ ಮಾತ್ರ ಡೊಳ್ಳು ಬಿಡದೆ, ತಾಳ ತಪ್ಪದೆ, "ಹ್ಞೂಂ ಕಣವ್ವಾ" ಎಂದ. ಗಂಗಾ ಕೊನೆಯ ಸಾಲು ಹಾಡಿ ಮುಗಿಸಿದಳು. ಮತ್ತೊಮ್ಮೆ ಹಾಡೋಣವೆಂದರೆ ಬೋರಕ್ಕ ಆಗಲೇ ಗೋಡೆ ಬಿಚ್ಚುತ್ತಿದ್ದರು. "ನಾವು ನಡುಗ್ತಾ ಕುಂತೀವಿ. ನಿಮ್ ಗೋಡೆಗೂ ಚಳಿ ಆಗ್ತತೇನ್ರಪ್ಪ?" ಎಂದರು. ತಿಪ್ಪೇಸ್ವಾಮಿ ಕಂಬಳಿ ಮಡಚತೊಡಗಿದ. ಟೇಪು ಹಾಗೇ ಕಂಪನಿಗೆ ಹೋಯಿತು. ಬೋರಕ್ಕನೂ ಆಲ್ಬಂ ಸೇರಿದರು.

ಮುಂದೆ ಮೂರು ದೊಡ್ಡ ಪೆಟ್ಟಿಗೆಯಲ್ಲಿ ಎಲ್.ಪಿ.ಗಳು ಬಂದವು. ಕವರಿನ ಮೇಲೆ ಕೋಟೆ ಬಾಗಿಲು. ಅದರ ಮುಂದೆ ಬೆಲ್‌ಬಾಟಂ, ಕೂಲಿಂಗ್ ಗ್ಲಾಸಿನಲ್ಲಿ ಯಜಮಾನರು, ನಡುವೆ ಇಳಕಲ್ ಸೀರೆಯಲ್ಲಿ ಗಂಗಾ, ಆ ಕಡೆ ಅರ್ಧ ತಿಪ್ಪೇಸ್ವಾಮಿ. ಉಳಿದರ್ಧವನ್ನು ಫೋಟೋಗ್ರಾಫರ್ ಕತ್ತರಿಸಿದ್ದ. ಅತ್ತೆ ನೋಡಿ, "ಈಗ ಆಲ್ಬಂ ಆತು ನೋಡು. ಫೋಟೋ ಐತೆ," ಎಂದು ಒಪ್ಪಿದರು. ಗಂಗಾ ಮಾತ್ರ ಕವರು ನೋಡಲಿಲ್ಲ. ರೆಕಾರ್ಡಿನ ನಡುವಿನ ಕೆಂಪು ಚೀಟಿಯಲ್ಲಿ 'ಗಾಯಕಿ: ಗಂಗಾ' ಎಂದಿತ್ತಲ್ಲ, ಅದರ ಮೇಲೆ ಒಮ್ಮೆ ಬೆರಳಾಡಿಸಿ ಒಳಗಿಟ್ಟಳು. ಹೆಸರಿನ ಹಿಂದೆ 'ದುರ್ಗದ' ಇರಲಿಲ್ಲ, ಯಾವ ದೊಡ್ಡ ಗಾಯಕಿಯ ಹೆಸರೂ ಇರಲಿಲ್ಲ.

ಮೊದಲ ಪ್ರದರ್ಶನ ಮತ್ತೋಡಿನಲ್ಲಿ, ತಿಪ್ಪೇಸ್ವಾಮಿಯ ಸೋದರತ್ತೆ ಮಗಳ ಲಗ್ನದಲ್ಲಿ. ಮೈಕ್‌ಸೆಟ್ಟಿನವನಿಗೆ ಕಾಡಿ ಬೇಡಿ ನಮ್ಮ ರೆಕಾರ್ಡು ಹಾಕಿಸಿದೆವು. ಚಂದ್ರ ಬಂದ. ಮತ್ತೆ ಚಂದ್ರ ಬಂದ. ತೆಂಗಿನ ಗರಿಯ ಚಪ್ಪರದ ಕೆಳಗೆ ಕುಂತಿದ್ದ ಹಿರಿಯರೊಬ್ಬರು ತಾಳ್ಮೆಯಿಂದ ನನ್ನನ್ನು ಕೇಳಿದರು.

"ಹಾಡು ಯಾವಾಗ ಶುರು ಮಾಡ್ತಾರಮ್ಮ?"

ಯಜಮಾನರು ಬಾಳೆ ಎಲೆ ಎಣಿಸುವ ನೆಪದಲ್ಲಿ ಅಲ್ಲಿಂದ ಹೋದರು.

ಮುಹೂರ್ತ ಹತ್ತಿರವಾಯಿತು. ಗಂಡಿನ ಕಡೆಯವರ ಸುಳಿವಿಲ್ಲ. ಅವರು ಹೊಸದುರ್ಗದಿಂದ ಬರಬೇಕಾಗಿದ್ದದ್ದು ಯಾರ ಬಸ್ಸಿನಲ್ಲಿ? ಹೌದು, ರುದ್ರಣ್ಣ ಸಾವ್ಕಾರ್ರದ್ದೇ ಇನ್ನೊಂದು ಬಸ್ಸು. ಭಟ್ಟರು ಗಡಿಯಾರ ನೋಡುತ್ತಾರೆ, ಹೆಣ್ಣಿನ ಅಪ್ಪ ರಸ್ತೆ ನೋಡುತ್ತಾರೆ. ಅಷ್ಟರಲ್ಲಿ ಎರಡನೇ ಮಗ್ಗುಲಿನ ಕೊನೆಯ ಹಾಡು ಬಂತು.

ಬರ್ತೈತಂತೆ ಬರ್ತೈತಂತೆ...

ಚಪ್ಪರ ಒಮ್ಮೆಗೇ ಎದ್ದು ಕುಂತಿತು. ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು. ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು. "ಉಂಡ್ಯೇನ್ಲಾ" ಬಂದಾಗ, "ನಮ್ ಬೋರಕ್ಕ! ನಮ್ ಬೋರಕ್ಕ!" ಎಂದು ಐಮಂಗಲದವರು ಕುಣಿದರು. ಹಾಡು ಮತ್ತೆ ಹಾಕಿಸಿದರು. ಮತ್ತೆ ಹಾಕಿಸಿದರು. ಇಡೀ ಚಪ್ಪರ ಒಟ್ಟಾಗಿ "ಸಾವ್ಕಾಶ ಬರ್ತೈತ್ರೀ" ಎನ್ನುವಾಗಲೇ ಬಸ್ಸು ಪೋಂ ಎಂದು ಬಂದು ನಿಂತಿತು. ತಲೆ ತುಂಬ ಧೂಳಾಗಿದ್ದ ಮದುಮಗ ಇಳಿದ. ಜನ ನಗುವ ನಗೆ ತನಗೇ ಎಂದುಕೊಂಡು ಬಾಸಿಂಗ ಸರಿಮಾಡಿಕೊಂಡ.

ಅವನ ಹಿಂದೆ ಇಳಿದ ಕಂಡಕ್ಟರ್ ನಾಗರಾಜ (ದಿನಾ ನಮ್ಮ ಐದೂವರೆ ಬಸ್ಸಿನವನು, ಅವತ್ತು ಇದಕ್ಕೆ ಹಾಕಿದ್ದರು) ನಗಲಿಲ್ಲ. ಹಾಡು ಪೂರ್ತಿ ಕೇಳಿಸಿಕೊಂಡು ಬಸ್ ಹತ್ತಿದ.

ಅದಾದ ಸೋಮವಾರವೇ ರುದ್ರಣ್ಣ ಸಾವ್ಕಾರ್ರು ಇಬ್ಬರು ಹಮಾಲರೊಂದಿಗೆ ನಮ್ಮ ಅಂಗಡಿಗೆ ಬಂದರಂತೆ. "ಎಷ್ಟವೆ?" ಎಂದರಂತೆ. "ಎಲ್ಲಾ ಕೊಡ್ರಿ" ಎಂದರಂತೆ. ಯಜಮಾನರು ಮಧ್ಯಾಹ್ನವೇ ಅಂಗಡಿ ಬಾಗಿಲೆಳೆದು, ಮೈಸೂರು ಪಾಕಿನ ಪೊಟ್ಟಣ ಹಿಡಿದು ಮನೆಗೆ ಬಂದರು. "ಸಾವ್ಕಾರ್ರಿಗೆ ಸಂಗೀತ ಅಂದ್ರೆ ಪ್ರಾಣ!" ಎಂದರು. ಗಂಗಾ ಒಂದು ತುಂಡು ಬಾಯಿಗಿಟ್ಟುಕೊಂಡು ನಿಧಾನಕ್ಕೆ ಕೇಳಿದಳು.

"ಎಲ್ಲಾನೂ ಒಬ್ರೇನಾ ಅಣ್ಣ?"

ಉತ್ತರ ಸಿಕ್ಕಿದ್ದು ನನಗೆ, ಮರುದಿನ, ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ. ಟಿಕೆಟ್ ಹರಿಯುತ್ತಾ ನಾಗರಾಜನೇ ಹೇಳಿದ.

"ಟೀಚರಮ್ಮ, ನಿಮ್ ಹಾಡೆಲ್ಲ ನಮ್ ಗೋಡೌನಾಗೈತೆ. ಹಳೇ ಟೈರಿನ ಹಿಂದೆ. ಇನ್ಯಾರೂ ಕೇಳಂಗಿಲ್ಲ ಅಂದಾರೆ ಸಾವ್ಕಾರ್ರು."

ಮನೆಗೆ ಬಂದು ಹೇಳಿದೆ. ಯಜಮಾನರು, "ಮಾರಿದ್ದಾತಲ್ಲ, ಬಿಡು. ಟೈರಿನ ಹಿಂದಾದ್ರೂ ಇಡ್ಲಿ, ತಲೆ ಮ್ಯಾಲಾದ್ರೂ ಇಡ್ಲಿ" ಎಂದರು. ನಮ್ಮನೆ ರೇಡಿಯೋ ಬಿಚ್ಚಿಕೊಂಡು ಕುಂತಿದ್ದ ತಿಪ್ಪೇಸ್ವಾಮಿ ಸೋಲ್ಡರಿಂಗ್ ಕಡ್ಡಿ ಹಿಡಿದು ನೆಲ ನೋಡಿದ. ಗಂಗಾ ಅಳಲಿಲ್ಲ. ಅಳುತ್ತಾಳೆಂದು ನಾನು ಹತ್ತಿರ ಹೋಗಿ ನಿಂತಿದ್ದು ವ್ಯರ್ಥವಾಯಿತು.

"ಭಾನುವಾರ ಹೊಸದುರ್ಗಕ್ಕೆ ಹೋಗಾಣ ಅತ್ತಿಗೆ," ಎಂದಳು.

ಯಜಮಾನರಿಗೆ ಅಂಗಡಿಯಿತ್ತು. ತಿಪ್ಪೇಸ್ವಾಮಿಗೆ ಹಬ್ಬವಿತ್ತು. ರಾಕ್ ಬಾಯ್ಸ್ ಪರವಾಗಿ ಇಬ್ಬರು ಹೆಂಗಸರು ಹೊರಟೆವು. ಸಾವ್ಕಾರ್ರ ಬಸ್ಸಿನಲ್ಲೇ. (ಲೇಟು. ಬೇರೆ ಹೇಳಬೇಕೆ?)

ಸಾವ್ಕಾರ್ರು ಎಂದರೆ ನನ್ನ ಮನಸ್ಸಿನಲ್ಲಿ ದೊಡ್ಡ ಹೊಟ್ಟೆ, ದೊಡ್ಡ ಗಂಟಲಿನ ಮನುಷ್ಯ. ಜಗಲಿಯ ಮೇಲೆ ಬನಿಯನ್ನಿನಲ್ಲಿ ಕುಂತು ಮಂಡಕ್ಕಿ ತಿನ್ನುತ್ತಿದ್ದವರು ಸಣ್ಣ ಆಳು. ಬೆರಳ ಸಂದಿಯಲ್ಲಿ ಗ್ರೀಸಿನ ಕಪ್ಪು. "ಬರ್ರಿ, ಕುಂತ್ಕಳ್ರಿ," ಎಂದು ಎದ್ದು ನಿಂತರು. ಜಗಳಕ್ಕೆ ಸೊಂಟ ಕಟ್ಟಿ ಹೋದವರಿಗೆ ಇದಕ್ಕಿಂತ ದೊಡ್ಡ ಮೋಸ ಇದೆಯೆ?

ಗಂಗಾ ಕುಂತುಕೊಳ್ಳಲಿಲ್ಲ.

"ನಮ್ ಹಾಡು ನೀವು ಕೇಳೀರೇನ್ರಿ?"

"ಇಲ್ಲಮ್ಮ. ಮಿಷಿನ್ ಇಲ್ಲ ಮನ್ಯಾಗೆ. ನಾಗರಾಜ ಹೇಳ್ದ."

"ಕೇಳ್ದೇ ಇರೋ ಹಾಡಿನ ಮ್ಯಾಲೆ ಇಷ್ಟು ಸಿಟ್ಟೇ?"

ಅವರು ಮಂಡಕ್ಕಿ ತಟ್ಟೆ ಸರಿಸಿದರು. "ಹಾಡು ಮತ್ತೆ. ನೋಡಾಣ."

ಗಿಟಾರಿಲ್ಲ, ಡೊಳ್ಳಿಲ್ಲ, ಮೈಕಿಲ್ಲ. ಕಂಬಕ್ಕೆ ಕೈ ಕೊಟ್ಟು ನಿಂತು ಗಂಗಾ ಹಾಡಿದಳು. ಒಳಗಿನಿಂದ ಸಾವ್ಕಾರ್ರ ಹೆಂಡತಿ ಶಾರದಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಹೊಸ್ತಿಲಲ್ಲಿ ನಿಂತರು. 'ಸಾವ್ಕಾಶ ಬರ್ತೈತ್ರೀ' ಎಂಬಲ್ಲಿಗೆ ಆಕೆಗೆ ತಡೆಯಲಾಗಲಿಲ್ಲ. ನಗು ಬುಗ್ಗೆಯಂತೆ ಬಂತು.

"ನಗ್ತೀಯಲ್ಲೇ?" ಎಂದರು ಸಾವ್ಕಾರ್ರು.

"ಮತ್ತೇನ್ರಿ? ನನ್ ತಮ್ಮನ ಮದ್ವೆಗೆ ನಮ್ಮನ್ನೇ ಧಾರೆ ಮುಗಿದ ಮ್ಯಾಲೆ ಮುಟ್ಸಿದ್ರಿ. ನಿಮ್ದೇ ಬಸ್ಸು!"

ಸಾವ್ಕಾರ್ರು ಮಂಡಕ್ಕಿ ತಟ್ಟೆಯನ್ನು ಇನ್ನಷ್ಟು ದೂರ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಟೀಚರಮ್ಮ, ನಮ್ ಬಸ್ಸು ಸುತ್ಕಂಡು ಬರೋ ಹಳ್ಳಿ ರಸ್ತೆ ನೋಡೀರಾ? ಬೇರೆ ಯಾವ ಬಸ್ಸೂ ಆ ಕಡೆ ತಲೆ ಹಾಕಲ್ಲ. ನಂದು ಲೇಟಾಗಾದ್ರೂ ಹೋಗ್ತೈತೆ. ಹೋದ ತಿಂಗ್ಳು ದಾರ್ಯಾಗೆ ಬಸುರಿ ಹೆಂಗ್ಸು ಕೈ ಅಡ್ಡ ಹಾಕಿದ್ಳು. ಬಸ್ಸು ತಿರುಗ್ಸಿ ಆಸ್ಪತ್ರೆಗೆ ಬಿಟ್ಟು ಬಂದ್ವಿ. ಅವತ್ತು ಹೊಳಲ್ಕೆರೆ ಸ್ಟ್ಯಾಂಡಿನಾಗೆ ನೀವು ನಾಗರಾಜಂಗೆ ಬೈದ್ರಂತೆ. ಯಾಕೆ ಲೇಟು ಅಂತ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ನಿಜವಾಗಿ ನನಗೆ ಪಿಚ್ಚೆನಿಸಿತು. (ಮನೆಗೆ ಬಂದ ಮೇಲೆ ಇನ್ನೊಂದು ವಿಚಾರ ಹೊಳೆಯಿತು. ಒಂದು ದಿನದ್ದು ಗೊತ್ತಾಯಿತು, ಸರಿ. ಉಳಿದ ದಿನಗಳಲ್ಲೆಲ್ಲ ಯಾರು ಹೆತ್ತರು?)

ಗಂಗಾ ಹೇಳಿದಳು: "ಹಾಡಿನಾಗೆ ಸುಳ್ಳಿದ್ರೆ ಹೇಳ್ರಿ. ಬದಲಾಯಿಸ್ತೀನಿ."

"ಸುಳ್ಳಿಲ್ಲಮ್ಮ," ಎಂದರು ಸಾವ್ಕಾರ್ರು. "ಅದಕ್ಕೇ ಸಿಟ್ಟು ಬಂದಿದ್ದು."

ಅವರ ಪ್ರಾಮಾಣಿಕತೆಗೆ ನಾನು ಅಲ್ಲೇ ಸೋತೆ. ಗಂಗಾ ಸೋಲಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಾನು ಸಣ್ಣಾಕಿ ಇದ್ದಾಗಿಂದ ಹಾಡ್ತೀನ್ರಿ. ಎಲ್ಲಾ ಇನ್ನೊಬ್ರ ಹಾಡು, ಇನ್ನೊಬ್ರ ಗಂಟ್ಲು. ಇದೊಂದು ಹಾಡು ನನ್ ಗಂಟ್ಲಾಗೆ ಹಾಡೀನಿ. ಅದನ್ನ ತಂದು ಟೈರಿನ ಹಿಂದೆ ಹಾಕೀರಿ. ಬೈಯ್ರಿ, ಕೋರ್ಟಿಗೆ ಹೋಗ್ರಿ, ನಮ್ಮನ್ನ ಬಸ್ಸಿಗೆ ಹತ್ತಿಸ್ಬ್ಯಾಡ್ರಿ. ಆದ್ರೆ ಕೇಳಾಕೆ ಬಿಡ್ರಿ. ಜನ ಕೇಳಿ ಚೆನ್ನಾಗಿಲ್ಲ ಅಂದ್ರೆ ನಾನೇ ಬಾಯಿ ಮುಚ್ಕಂತೀನಿ. ಕೇಳೋಕೆ ಮುಂಚೆ ನೀವ್ಯಾಕೆ ಮುಚ್ಚಿಸ್ತೀರಿ?"

ಹಿಡಿದ ಕಂಬ ಬಿಡಲಿಲ್ಲ.

"ಕೊಟ್ಟು ಕಳಿಸ್ರಿ," ಎಂದರು ಶಾರದಮ್ಮ ಹೊಸ್ತಿಲಿನಿಂದ.

ಸಾವ್ಕಾರ್ರು ಗಲ್ಲ ಕೆರೆದುಕೊಂಡರು. "ದುಡ್ಡು ಕೊಟ್ಟು ತಂದ ಮಾಲು ಪುಕ್ಕಟೆ ಹೆಂಗೆ ಕೊಡ್ಲಿ? ಕೊಡಾಕಾಗಲ್ಲ." ಸ್ವಲ್ಪ ತಡೆದು ಹೇಳಿದರು. "ಮಾರ್ತೀನಿ."

ಮಾರಿದರು ಕೂಡ! ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಅವರ ಬಸ್ಸು ನಿಲ್ಲುವ ಕಡೆಯಲ್ಲೆಲ್ಲ ಟಿಕೆಟ್ ಕೊಡುವ ಕಿಟಕಿಯಲ್ಲೇ ರೆಕಾರ್ಡು. ನಮ್ಮ ರೇಟಿಗಿಂತ ಜಾಸ್ತಿ ರೇಟು. ಸಾವ್ಕಾರ್ರು ಬಚ್ಚಿಟ್ಟಿದ್ದ ಹಾಡಂತೆ, ಅದರಲ್ಲಿ ಅವರಿಗೇ ಬೈದಿದ್ದಾರಂತೆ ಎಂದು ಸುದ್ದಿ ಹಬ್ಬಿದ ಮೇಲೆ ಕೇಳಬೇಕೆ? ಬಸ್ಸು ಬರುವವರೆಗೆ ಜನಕ್ಕೆ ಬೇರೆ ಕೆಲಸವೂ ಇರುವುದಿಲ್ಲ. ಬಸ್ಸು ಎಷ್ಟು ಲೇಟೋ ಅಷ್ಟು ವ್ಯಾಪಾರ. ಬೈಗುಳ ಬರೆದವಳು ನಾನು, ರಾಗ ಗಂಗಾಳದು, ಡೊಳ್ಳು ತಿಪ್ಪೇಸ್ವಾಮಿಯದು, ಲಾಭ ಸಾವ್ಕಾರ್ರದು. ಸಂಗೀತ ಲೋಕದ ನಿಯಮ ಇಷ್ಟು ಬೇಗ ನಮಗೆ ಅರ್ಥವಾಗುತ್ತದೆ ಎಂದುಕೊಂಡಿರಲಿಲ್ಲ.

ಒಂದು ಪೆಟ್ಟಿಗೆಯನ್ನು ಹಿರಿಯೂರಿಗೆ ಬಸ್ಸಿನ ಟಾಪ್ ಮೇಲೆ ಹಾಕಿ ಕಳಿಸಿದರಂತೆ. ಬಿಸಿಲಿಗೆ ರೆಕಾರ್ಡುಗಳು ಎಣ್ಣೆಗೆ ಬಿದ್ದ ಹಪ್ಪಳದಂತೆ ಸೊಟ್ಟಗಾದವು. ಹಾಕಿದರೆ ಸೂಜಿ ಬೆಟ್ಟ ಹತ್ತಿ ಇಳಿಯುತ್ತದೆ, ಗಂಗಾಳ ಧ್ವನಿ ಬಿಕ್ಕಿಬಿಕ್ಕಿ ಅಳುತ್ತದೆ. ಅವನ್ನು ಯಾರೂ ವಾಪಸ್ ತರಲಿಲ್ಲ. ಬದಲಿಗೆ ನಮ್ಮ ಅಂಗಡಿಗೇ ಬಂದು, "ಅಳೋ ರೆಕಾರ್ಡ್ ಐತೇನ್ರಿ? ನಮ್ ಹುಡುಗ ನಗೋದು ತಂದುಬಿಟ್ಟಾನೆ" ಎಂದು ವಿಚಾರಿಸತೊಡಗಿದರು. ಗಂಗಾ ಎರಡು ದಿನ ಕೆಂಡವಾಗಿದ್ದಳು. ಮೂರನೇ ದಿನ ಅಡುಗೆ ಮನೆಯಲ್ಲಿ ತಾನೇ ಆ ಅಳುವ ಥರ ಹಾಡಿಕೊಂಡು ನಗುತ್ತಿದ್ದಳು.

ಕೊಂಡವರಲ್ಲಿ ಮಿಷಿನ್ ಇರುವವರು ಎಷ್ಟು ಜನ? ಕಾಣೆ. ರೆಕಾರ್ಡನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡು, "ಒಂದ್ಸಾರಿ ಹಾಕ್ರಿ ಸ್ವಾಮಿ" ಎಂದು ಅಂಗಡಿಗೆ ಬರುತ್ತಾರೆ. ಯಜಮಾನರಿಗೆ ರೇಡಿಯೋ ರಿಪೇರಿ ಮಾಡಲು ಪುರಸೊತ್ತಿಲ್ಲ. ತಮ್ಮ ಚಂದ್ರನನ್ನೂ ಕೇಳಲಿ ಎಂದು ಬೇಕೆಂದೇ ಮೊದಲ ಮಗ್ಗುಲಿನಿಂದ ಹಾಕುತ್ತಾರೆ. ಜನ ಪಾಪ, ಸುಮ್ಮನೆ ಕುಂತಿರುತ್ತಾರೆ, ಬಸ್ಸಿಗೆ ಕಾದು ಅಭ್ಯಾಸವಿದೆಯಲ್ಲ.

ಹೋದ ಶನಿವಾರ ನಾನೂ ಗಂಗಾಳೂ ಅಂಗಡಿಯಲ್ಲಿದ್ದಾಗ ಹಿರಿಯೂರು ಕಡೆಯ ರೈತರೊಬ್ಬರು ಬಂದರು. ವಯಸ್ಸಾದವರು. ಏಳೂ ಹಾಡು ಕೇಳಿ, ಬಸ್ಸಿನ ಹಾಡು ಬಂದಾಗ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಎಲ್ಲರೂ ನಗುವ ಕಡೆ ಅವರು ನಗಲಿಲ್ಲ. ಕಣ್ಣು ಮುಚ್ಚಲೂ ಇಲ್ಲ. ತಿರುಗುವ ರೆಕಾರ್ಡನ್ನೇ ನೋಡುತ್ತಾ ಕುಂತಿದ್ದು, ಮುಗಿದ ಮೇಲೆ ಯಜಮಾನರನ್ನು ಕೇಳಿದರು.

"ಈ ತಾಯಿ ಯಾರ್ರಿ? ಯಾತಕ್ಕೋ ಭಾಳ ಕಾದಾಳೆ."

ಗಂಗಾ ಪಕ್ಕದ ಸ್ಟೂಲಿನ ಮೇಲೇ ಇದ್ದಳು. ಯಜಮಾನರು ತೋರಿಸಲು ಕೈ ಎತ್ತಿದರು. ಬೇಡ ಎಂದು ಅವಳು ಕಣ್ಣಲ್ಲೇ ತಡೆದಳು. ಒಳಗೆ ಹೋಗಿ ಹೂಜಿಯಿಂದ ನೀರು ತಂದು ಅವರಿಗೆ ಕೊಟ್ಟಳು. ಅವರು ಕುಡಿದು, "ತಣ್ಣಗಿರವ್ವ" ಎಂದು ಹೇಳಿ, ರೆಕಾರ್ಡನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಹೊರಟರು. ಅವತ್ತು ಗಂಗಾ ಹೊಟ್ಟೆ ತುಂಬ ಉಂಡಳು. ಅತ್ತೆ ಎರಡನೇ ಸಲ ಸಾರು ಮಾಡಬೇಕಾಯಿತು.

ಐದೂವರೆ ಬಸ್ಸು ಸುಧಾರಿಸಿತೆ ಎಂದು ನೀವು ಕೇಳುತ್ತೀರಿ. ಇಲ್ಲ. ನಿನ್ನೆ ಏಳಕ್ಕೆ ಬಂತು. ಯಾಕೆ ಲೇಟು ಎಂದು ಈಗ ನಾನು ಮರ್ಯಾದೆಯಿಂದ ಕೇಳುತ್ತೇನೆ. ನಾಗರಾಜ ಮರ್ಯಾದೆಯಿಂದಲೇ, "ಹಂಗೇ ಟೀಚರಮ್ಮ" ಎನ್ನುತ್ತಾನೆ.

ಮೊನ್ನೆ ಸಾವ್ಕಾರ್ರೇ ಮತ್ತೆ ಅಂಗಡಿಗೆ ಬಂದಿದ್ದರು. ಮೆಲ್ಲಗೆ ಗಂಗಾಳ ಹತ್ತಿರ ಕುಂತು, ಅದೇ ರೂಟಿನಲ್ಲಿ ಹೊಸದಾಗಿ ಬಸ್ಸು ಬಿಡುತ್ತಿರುವ ಇನ್ನೊಬ್ಬ ಮಾಲೀಕರ ಹೆಸರು ಹೇಳಿದರು.

"ಮುಂದಿನ ರೆಕಾರ್ಡು ಅವನ್ ಬಸ್ಸಿನ ಮ್ಯಾಲೆ ಮಾಡು ತಾಯಿ. ಖರ್ಚೆಲ್ಲ ನಂದು."

"ಅವ್ರ ಬಸ್ಸು ಟೈಮಿಗೆ ಸರಿಯಾಗಿ ಬರ್ತೈತಂತಲ್ರಿ?" ಎಂದಳು ಗಂಗಾ.

"ಅದೇ ನನ್ ತೊಂದ್ರೆ," ಎಂದರು ಸಾವ್ಕಾರ್ರು.

ಗಂಗಾ ಒಪ್ಪಲಿಲ್ಲ. ಹೊಸ ಹಾಡು ಮಾತ್ರ ಕಟ್ಟುತ್ತಿದ್ದಾಳೆ. ಯಾರ ಮೇಲೆ ಎಂದರೆ ನನಗೂ ಹೇಳುವುದಿಲ್ಲ. ಈ ಸುದ್ದಿ ಹೇಗೋ ಹೊರಗೆ ಬಿದ್ದಿದೆ. ನಲ್ಲಿ ನೀರು ಬಿಡುವವರು, ಸೀಮೆಎಣ್ಣೆ ಡಿಪೋದವರು, ಕಂಟ್ರಾಕ್ಟರುಗಳು, ಊರಿನ ದೊಡ್ಡ ಮನುಷ್ಯರೆಲ್ಲ ಈಗ ನಮ್ಮನೆ ಮುಂದೆ ಹಾಯುವಾಗ ಸೈಕಲ್ ಇಳಿದು ಗಂಗಾಳಿಗೆ ನಮಸ್ಕಾರ ಹೇಳುತ್ತಿದ್ದಾರೆ.

ಇವರಿಗೆಲ್ಲ ಸಂಗೀತದ ಮೇಲೆ ಇಷ್ಟು ಭಕ್ತಿ ಯಾವಾಗ ಹುಟ್ಟಿತು, ನೀವೇ ಹೇಳಿ?